ಗ್ರಾಮಸಭೆಗೂ ಮುಂಚೆ ಹದಿನೈದು ನಿಮಿಷದ ಗೊಂಬೆಯಾಟ

ಕೊಪ್ಪಳ ಕಡೆಯ ಹಳ್ಳಿಗಳಲ್ಲಿ ಹುಡುಗರನ್ನು ಗ್ರಾಮಸಭೆಗೆ ಎಳೆಯಲು ಭಾಷಣಕ್ಕಿಂತ ನಗೆಗೊಂಬೆ ಕಿಳ್ಳೇಕ್ಯಾತ ವಾಸಿ. ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ತಂದ ತೊಗಲುಗೊಂಬೆ ಆಟದಲ್ಲಿ ನಗಿಸುವ ಜೋಡಿ ಕಿಳ್ಳೇಕ್ಯಾತ, ಬಂಗಾರಕ್ಕ ಏನಂದರೂ ನಡೆಯುತ್ತದೆ. ಆ ಸಲುಗೆಯೇ ಇಲ್ಲಿ ಬಂಡವಾಳ.

ಆಟಕ್ಕೆ ಒಂದೇ ಸಮಸ್ಯೆ ಹಿಡಿಯಿರಿ. ನೀರು, ಚರಂಡಿ, ಬಸ್ಸು ಮೂರನ್ನೂ ತುರುಕಿದರೆ ಯಾವುದೂ ನೆನಪುಳಿಯದು. ವಾರ ಮೊದಲೇ ಹುಡುಗರು ಓಣಿ ಓಣಿ ತಿರುಗಿ ಎಣಿಸಲಿ: ನಳ ಎಷ್ಟು, ನೀರು ಬಾರದವು ಎಷ್ಟು, ಎಷ್ಟು ದಿನದಿಂದ. ಆ ಲೆಕ್ಕವೇ ಗೊಂಬೆಗಳ ಮಾತಾಗಬೇಕು.

“ಬಂಗಾರಕ್ಕ, ನಳ ಬಂತೇನ?”

“ಬಂತಪಾ, ಬರೇ ಗಾಳಿ ಉಗುಳಿ ಹೋತು.”

ಪುಸ್ತಕದ ಕನ್ನಡ ಆಡಿಸಿದಿರೋ, ನಗು ಸತ್ತಿತು. ಸದಸ್ಯರು, ಪಿಡಿಒ ಹೆಸರಂತೂ ಬೇಡ. ಪಕ್ಷದ ಜಗಳ ಎದ್ದು ನಳ ಮರೆತುಹೋಗುತ್ತದೆ.

ತೊಗಲು ಹದ ಮಾಡುವುದು ಪಳಗಿದವರ ಕೆಲಸ. ಹೊಸಬರಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಸಾಕು. ಒಂದಡಿ ಎತ್ತರದ ಐದಾರು ಗೊಂಬೆ ಕತ್ತರಿಸಿ, ಪರ್ಮನೆಂಟ್ ಮಾರ್ಕರ್‌ನಿಂದ ಬಣ್ಣ ತುಂಬಿ. ನೀರಿನ ಬಣ್ಣ ಪ್ಲಾಸ್ಟಿಕ್ ಮೇಲೆ ನಿಲ್ಲುವುದಿಲ್ಲ; ರಟ್ಟಿನ ಗೊಂಬೆಯಾದರೆ ಬರೀ ಕಪ್ಪು ನೆರಳು. ಬೆನ್ನಿಗೆ ಸೀಳಿದ ಬಿದಿರು ಕಡ್ಡಿ. ತೋಳಿನ ಕೀಲಿಗೆ ದಾರ ಪೋಣಿಸಿ ಎರಡೂ ಬದಿ ಗಂಟು ಹಾಕಿ, ಆದರೆ ಬಿಗಿ ಬೇಡ, ಕೈ ಆಡುವುದಿಲ್ಲ.

ಪರದೆಗೆ ಬಿಳಿ ಧೋತರ, ಆರಡಿ ಅಗಲ, ನಾಲ್ಕಡಿ ಎತ್ತರ. ಕೆಳ ಅಂಚಿಗೂ ಬಿದಿರು ಕಟ್ಟಿ ಎಳೆಯಿರಿ. ಗಾಳಿಗೆ ಬಟ್ಟೆ ಉಬ್ಬಿ ಗೊಂಬೆಯಿಂದ ದೂರವಾದರೆ ನೆರಳು ಮಸುಕಾಗುತ್ತದೆ. ಬಲ್ಬ್ ಒಂದೇ ಇರಲಿ, ಎರಡಿದ್ದರೆ ಕಿಳ್ಳೇಕ್ಯಾತನಿಗೂ ಎರಡು ನೆರಳು. ಟ್ಯೂಬ್‌ಲೈಟ್ ಉದ್ದವಾದ್ದರಿಂದ ಅಂಚು ಕಲೆಸುತ್ತದೆ. ಬಲ್ಬನ್ನು ಪರದೆಗೂ ಆಡಿಸುವವರಿಗೂ ನಡುವೆ, ತಲೆಗಿಂತ ಮೇಲೆ ತೂಗುಹಾಕಿ. ಅವರ ನೆರಳು ಬೀಳುವುದಿಲ್ಲ. ಬೀದಿದೀಪದ ಬೆಳಕು ಬೀಳುವ ಕಟ್ಟೆ ಬೇಡ. ಮೈಕು ರಾತ್ರಿ 10ರೊಳಗೆ ಮುಗಿಯಲಿ.

ಹೆಚ್ಚಿನವರು ತಪ್ಪುವುದು ಆಟ ಮುಗಿದ ಮೇಲೆ. ಚಪ್ಪಾಳೆ ಬೀಳುತ್ತದೆ, ಜನ ಏಳುತ್ತಾರೆ. ಅಷ್ಟರೊಳಗೆ ಪರದೆಯ ಮುಂದೆ ನಿಂತು ನಳದ ಲೆಕ್ಕ ಓದಿ, ಬರೆದಿಟ್ಟ ಅರ್ಜಿಗೆ ಸಹಿ ಹಾಕಿಸಿ. ಪಂಚಾಯಿತಿಗೆ ಕೊಡುವಾಗ ಒಂದು ನಕಲಿನ ಮೇಲೆ ದಿನಾಂಕ ಸಹಿತ ಸ್ವೀಕೃತಿ ಮುದ್ರೆ ಪಡೆಯಿರಿ.

ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೇ ಗ್ರಾಮಸಭೆಯ ಸದಸ್ಯರು. 17 ದಾಟಿದವರು ಆ ಪಟ್ಟಿಗೆ ಹೆಸರು ಸೇರಿಸುವ ನಮೂನೆ 6ರಲ್ಲಿ ಮುಂಗಡವಾಗಿ ಅರ್ಜಿ ಹಾಕಬಹುದು. 18 ತುಂಬಿದ್ದನ್ನು ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1ಕ್ಕೆ ಲೆಕ್ಕ ಹಿಡಿಯುತ್ತಾರೆ. ಅದಕ್ಕೂ ಚಿಕ್ಕವರಿಗೆ ಮಕ್ಕಳ ಗ್ರಾಮಸಭೆ ಇದೆ.

ಗೊಂಬೆಗಳನ್ನು ಹಳೆ ಪತ್ರಿಕೆಗಳ ನಡುವೆ ಮಟ್ಟಸವಾಗಿ ಇಡಿ. ಆರು ತಿಂಗಳೊಳಗೆ ಮತ್ತೊಂದು ಸಭೆ ನಡೆಯಲೇಬೇಕು. ಅಷ್ಟರಲ್ಲಿ ನಳ ಸರಿಯಾಗದಿದ್ದರೆ ಬಂಗಾರಕ್ಕನಿಗೆ ಮತ್ತೆ ಕೆಲಸ.