ನೀರಿನ ದಡದಲ್ಲಿ ಅಂಗಡಿ, ಕಲೆ, ಜನ ಎಲ್ಲ ಸೇರೋ ಜಾಗ ಕಟ್ಟೋದು ಹೇಗೆ

ನದಿ ದಡ ಇರ್ಲಿ, ಕೆರೆ ದಂಡೆ ಇರ್ಲಿ, ಹಳೇ ಬಂದರು ಇರ್ಲಿ, ಅಲ್ಲಿ ಅಂಗಡಿ ಗ್ಯಾಲರಿ ರಂಗಮಂದಿರ ಎಲ್ಲ ಸೇರಿರೋ ಒಂದು ಏರಿಯಾ ಮಾಡ್ಬೇಕು ಅಂದ ತಕ್ಷಣ ಎಲ್ಲರೂ ಮೊದಲು ಕೂತು ಬರೆಯೋದು ಕಟ್ಟಡದ ಚಿತ್ರ. ಸಂಜೆ ಬೆಳಕು, ನೀರಲ್ಲಿ ದೀಪದ ಪ್ರತಿಬಿಂಬ, ಕಪ್ ಹಿಡ್ಕೊಂಡು ನಿಂತ ಜನ. ಆ ಚಿತ್ರ ಸ್ವಲ್ಪ ದಿನ ಪಕ್ಕಕ್ಕಿಡಿ. ಮೊದಲು ನೀರು ನೋಡಿ, ಆಮೇಲೆ ದಡ, ಆಮೇಲೆ ಅಲ್ಲಿ ಓಡಾಡೋ ಜನ, ಅಂಗಡಿ ಕೊನೆಗೆ. ಈ ಕ್ರಮ ತಲೆಕೆಳಗಾದ್ರೆ ದಡನೂ ಹಾಳಾಗತ್ತೆ, ಅಂಗಡಿನೂ ಮುಚ್ಚತ್ತೆ.

ನೀರಿಂದ ಶುರು ಮಾಡೋಣ. ಸರಾಸರಿ ಮಟ್ಟ ಎಷ್ಟು ಅಂತ ಕೇಳಿದ್ರೆ ಪ್ರಯೋಜನ ಇಲ್ಲ, ಇಷ್ಟು ವರ್ಷದಲ್ಲಿ ಅತಿ ಹೆಚ್ಚು ಎಲ್ಲಿವರೆಗೆ ಬಂದಿತ್ತು ಅಂತ ಕೇಳಿ, ದಾಖಲೆ ನೋಡಿ, ಅಲ್ಲೇ ವಾಸ ಇರೋ ಹಳಬರನ್ನೂ ಕೇಳಿ, ಗೋಡೆ ಮೇಲೆ ಕೈ ಇಟ್ಟು ತೋರಿಸ್ತಾರೆ. "ನೂರು ವರ್ಷಕ್ಕೊಮ್ಮೆ ಬರೋ ನೆರೆ" ಅನ್ನೋ ಮಾತನ್ನ ತುಂಬಾ ಜನ ತಪ್ಪಾಗಿ ತಿಳ್ಕೊಂಡಿರ್ತಾರೆ, ಒಂದ್ಸಲ ಬಂದು ಹೋಯ್ತಲ್ಲ ಇನ್ನು ನೂರು ವರ್ಷ ನಿಶ್ಚಿಂತೆ ಅಂತ. ಹಾಗಲ್ಲ ಅದು. ಪ್ರತಿ ವರ್ಷನೂ 1% ಸಾಧ್ಯತೆ ಅಂತ ಅರ್ಥ, ಅಂದ್ರೆ 30 ವರ್ಷದಲ್ಲಿ ಒಂದ್ಸಲ ಆದ್ರೂ ಬರೋ ಸಾಧ್ಯತೆ ಸುಮಾರು 26%. ಸಮುದ್ರದ ದಡ ಆದ್ರೆ ಇದರ ಮೇಲೆ ಇನ್ನೊಂದು ಲೆಕ್ಕ ಸೇರಿಸ್ಬೇಕು, ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2021ರ ವರದಿ ಪ್ರಕಾರ 2100ರ ಹೊತ್ತಿಗೆ ಜಾಗತಿಕ ಸಮುದ್ರ ಮಟ್ಟ ಸುಮಾರು 28 ಸೆಂಟಿಮೀಟರಿಂದ 1 ಮೀಟರ್‌ವರೆಗೆ ಏರಬಹುದು, ನಾವು ಎಷ್ಟು ಹೊಗೆ ಬಿಡ್ತೀವಿ ಅನ್ನೋದರ ಮೇಲೆ.

ಮಟ್ಟ ಗೊತ್ತಾದ ಮೇಲೆ ದಡದುದ್ದಕ್ಕೂ ಎತ್ತರದ ಗೋಡೆ ಕಟ್ಟಿಬಿಡೋಣ ಅನ್ಸತ್ತೆ. ಕಟ್ಟಿದ್ರೆ ನೀರೇ ಕಾಣ್ಸಲ್ಲ, ಆಗ ಜನ ಅಲ್ಲಿಗೆ ಯಾಕೆ ಬರ್ಬೇಕು? ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಹಾಫೆನ್‌ಸಿಟಿ ಅಂತ ಹಳೇ ಬಂದರಿನ 157 ಹೆಕ್ಟೇರ್ ಜಾಗ ಇದೆ, ಊರಿನ ಮುಖ್ಯ ಒಡ್ಡಿನ ಹೊರಗಡೆ. ಅಲ್ಲಿ ಕಟ್ಟಡಗಳನ್ನ, ರಸ್ತೆಗಳನ್ನ ಸಮುದ್ರ ಮಟ್ಟಕ್ಕಿಂತ ಸುಮಾರು 8–9 ಮೀಟರ್ ಎತ್ತರದ ಜಗಲಿ ಮೇಲೆ ಎತ್ತಿದ್ದಾರೆ, ನೀರಿನ ಪಕ್ಕದ ನಡೆದಾರಿನ ಮಾತ್ರ ಬೇಕಂತಲೇ ತಗ್ಗಲ್ಲಿ ಬಿಟ್ಟಿದ್ದಾರೆ. ನೆರೆ ಜೋರಾದಾಗ ನಡೆದಾರಿ ಮುಳುಗತ್ತೆ, ಕೆಳಗಿನ ಗ್ಯಾರೇಜಿನ ಬಾಗಿಲು ಭದ್ರ ಮಾಡ್ತಾರೆ, ಜನ ಮೇಲಿನ ರಸ್ತೆಲಿ ಓಡಾಡ್ತಾರೆ, ನೀರು ಇಳಿದ ಮೇಲೆ ತೊಳೆದು ಮತ್ತೆ ತೆರೀತಾರೆ. ನೀವು ಕಲೀಬೇಕಾದ್ದು ಇದನ್ನೇ. ನಿಮ್ಮ ನಕ್ಷೆ ಮೇಲೆ ಮೂರು ಬಣ್ಣ ಹಚ್ಚಿ: ಒದ್ದೆ ಆದ್ರೂ ಪರವಾಗಿಲ್ಲ ಅನ್ನೋ ಜಾಗ, ಅಪರೂಪಕ್ಕೆ ಒದ್ದೆ ಆಗಬಹುದಾದ ಜಾಗ, ಯಾವತ್ತೂ ಆಗಬಾರದ ಜಾಗ. ಮೆಟ್ಟಿಲು, ಹುಲ್ಲು, ಬಯಲು ರಂಗ ಮೊದಲನೇದರಲ್ಲಿ. ಟ್ರಾನ್ಸ್‌ಫಾರ್ಮರ್, ಜನರೇಟರ್, ಚಿತ್ರ ಶಿಲ್ಪ ಇಡೋ ಗೋಡೌನ್ ಮೂರನೇದರಲ್ಲಿ, ಯಾವ ಕಾರಣಕ್ಕೂ ಬೇಸ್‌ಮೆಂಟಲ್ಲಿ ಬೇಡ.

ಇಲ್ಲಿ ಒಂದು ಅನುಭವ ಹೇಳ್ಲೇಬೇಕು. ನಾನು ಕೆಲಸ ಮಾಡಿದ ಒಂದು ದಡದ ಪ್ರಾಜೆಕ್ಟಲ್ಲಿ ಗೋಡೆ ಎತ್ತರ ಎಲ್ಲ ಸರಿಯಾಗೇ ಇತ್ತು. ಮೊದಲನೇ ದೊಡ್ಡ ಮಳೆಗೆ ನದಿ ಏರ್ತು, ಗೋಡೆ ಮೇಲಿಂದ ಒಂದು ಹನಿನೂ ಬರ್ಲಿಲ್ಲ, ಆದ್ರೆ ಅಂಗಡಿ ಸಾಲಿನ ಮುಂದೆ ಚರಂಡಿ ಜಾಲರಿಯಿಂದ ನೀರು ಗುಳುಗುಳು ಅಂತ ಮೇಲಕ್ಕೆ ಉಕ್ತಾ ಇತ್ತು, ಎಲೆ, ಕಸ, ವಾಸನೆ ಎಲ್ಲ ಸಮೇತ. ಮಳೆನೀರು ನದಿಗೆ ಹೋಗೋ ಪೈಪಿನ ಬಾಯಿ ನದಿ ಮಟ್ಟಕ್ಕಿಂತ ಕೆಳಗೆ ಆಗಿತ್ತು, ನೀರು ಅದೇ ದಾರಿಲಿ ವಾಪಸ್ ಬಂದಿತ್ತು. ಹಂಗಾಗಿ ಪ್ರತಿ ಪೈಪಿನ ಬಾಯಿಗೂ ಒಂದೇ ಕಡೆ ತೆರೆಯೋ ಫ್ಲ್ಯಾಪ್ ವಾಲ್ವ್ ಹಾಕ್ಸಿ, ಅದು ಮುಚ್ಕೊಂಡಾಗ ಒಳಗಿನ ಮಳೆನೀರು ಎಲ್ಲಿ ನಿಲ್ಲತ್ತೆ ಅಂತನೂ ಲೆಕ್ಕ ಹಾಕಿ. ಮಳೆ ತೋಟ (ಮಳೆನೀರು ನಿಂತು ಇಂಗೋ ಗಿಡಗಳ ತಗ್ಗು), ನೀರು ಇಂಗೋ ನೆಲಹಾಸು, ತಗ್ಗಾದ ಚೌಕ, ಇವೆಲ್ಲ ಆ ಹೊತ್ತಿಗೆ ಕೆಲಸಕ್ಕೆ ಬರೋವು. ಚೆಂದಕ್ಕೆ ಅಂತ ಮೂಲೆಲಿ ಮಾಡಿಟ್ರೆ ಏನೂ ಉಪಯೋಗ ಇಲ್ಲ.

ಇನ್ನು ದಡ. ನೆಟ್ಟಗೆ ನಿಂತ ಕಾಂಕ್ರೀಟ್ ಗೋಡೆ ಅಲೆನ ಹಾಗೇ ಹಿಂದಕ್ಕೆ ತಳ್ಳತ್ತೆ, ಆ ಹೊಡೆತಕ್ಕೆ ಗೋಡೆ ಬುಡದ ಮಣ್ಣು ಕೊಚ್ಚಿ ಹೋಗತ್ತೆ, ಮೀನು ಏಡಿ ಅಲ್ಲಿ ನೆಲೆ ನಿಲ್ಲೋದು ಕಷ್ಟ. ಜಾಗ ಇರೋ ಕಡೆ ಇಳಿಜಾರು ಮಾಡಿ, ಕಲ್ಲು, ನಾರಿನ ಉರುಳೆ, ಜೊಂಡು ಹಾಕಿ. ಗೋಡೆ ಇಲ್ದೆ ಆಗಲ್ಲ ಅನ್ನೋ ಕಡೆ ಗೋಡೆಗೇ ಒರಟು ಮೈ, ಗೂಡು, ಚಾಚು ಕೊಡಿ. ಅಮೆರಿಕದ ಸಿಯಾಟಲ್‌ನಲ್ಲಿ ಹೊಸ ಸಮುದ್ರಗೋಡೆ ಕಟ್ಟಿದಾಗ ನಡೆದಾರಿಯ ನೆಲದಲ್ಲೇ ಗಾಜಿನ ಬ್ಲಾಕ್ ಕೂರಿಸಿದ್ರು, ಯಾಕಂದ್ರೆ ಸಾಲ್ಮನ್ ಮೀನಿನ ಮರಿಗಳು ಕತ್ತಲೆ ಇರೋ ನೀರಿಗೆ ಹೋಗೋಕೆ ಹಿಂಜರೀತವೆ. ಜನ ಮೇಲೆ ನಡೀತಾರೆ, ಕೆಳಗೆ ಬೆಳಕು ಬೀಳತ್ತೆ, ಮರಿ ಈಜ್ಕೊಂಡು ಹೋಗತ್ತೆ. ನನಗೆ ತುಂಬಾ ಇಷ್ಟವಾದ ಡಿಸೈನ್ ಇದು. ಹಳೇ ಮರದ ಕಂಬಗಳ ಮೇಲೆ ನಿಂತ ಕಟ್ಟೆ ಇದ್ರೆ ಮುಳುಗುಗಾರರನ್ನ ಇಳಿಸಿ ಕಂಬ ನೋಡಿಸಿ, ಗಲೀಜಾಗಿದ್ದ ಉಪ್ಪು ನೀರು ಶುದ್ಧ ಆದ್ರೆ ಮರ ಕೊರೆಯೋ ಸಮುದ್ರಜೀವಿಗಳೂ ವಾಪಸ್ ಬರ್ತವೆ. ಹಳೇ ಬಂದರಿನ ಮಣ್ಣಲ್ಲಿ ಎಣ್ಣೆ, ಸೀಸ ಇರೋ ಸಾಧ್ಯತೆ ಜಾಸ್ತಿ, ಅಗೆಯೋಕೆ ಮುಂಚೆನೇ ಟೆಸ್ಟ್ ಮಾಡ್ಸಿ.

ನೀರು ಶುದ್ಧ ಇಲ್ದೆ ಉಳಿದಿದ್ದೆಲ್ಲ ದಂಡ. ವಾಸನೆ ಹೊಡೆಯೋ ದಡದಲ್ಲಿ ಯಾರು ಕೂರ್ತಾರೆ ಹೇಳಿ. ಕೋಪನ್‌ಹೇಗನ್ ಬಂದರಲ್ಲಿ ಮಳೆ ಜೋರಾದಾಗ ಒಳಚರಂಡಿ ಉಕ್ಕಿ ಬಂದರಿಗೆ ಬರ್ತಿತ್ತು, ಅದನ್ನ ಹಿಡಿದಿಡೋಕೆ ನೆಲದಡಿ ತೊಟ್ಟಿ ಕಟ್ಟಿ ವರ್ಷಗಟ್ಟಲೆ ಕೆಲಸ ಮಾಡಿದ ಮೇಲೆ 2002ರಲ್ಲಿ ಅಲ್ಲಿ ಈಜೋ ಜಾಗ ತೆರೆದ್ರು. ನಿಮ್ಮ ಏರಿಯಾಲೂ ಮೊದಲ ದಿನದಿಂದ ಚರಂಡಿ ನೀರು, ಮಳೆ ನೀರು ಬೇರೆ ಬೇರೆ ಪೈಪಲ್ಲಿ ಹೋಗ್ಲಿ, ಪ್ರತಿ ಹೋಟೆಲ್ ಅಡುಗೆಮನೆಗೂ ಜಿಡ್ಡು ಹಿಡಿದಿಡೋ ಗ್ರೀಸ್ ಟ್ರ್ಯಾಪ್ ಕಡ್ಡಾಯ ಆಗ್ಲಿ.

ಜನರ ವಿಷಯಕ್ಕೆ ಬಂದ್ರೆ ನನ್ನ ಹಠ ಒಂದೇ: ನೀರಿನ ಅಂಚು ಯಾವ ಅಂಗಡಿಗೂ ಸೇರ್ಬಾರ್ದು. ದಡದುದ್ದಕ್ಕೂ ಎಲ್ಲೂ ತುಂಡಾಗದ ನಡೆದಾರಿ ಇರ್ಲಿ, ಹೋಟೆಲಿನ ಮೇಜು ಕುರ್ಚಿ ಅದರ ಒಳಗಡೆ ಬದಿಗೆ ಇರ್ಲಿ, ಏನೂ ಕೊಳ್ಳದೆ ಇಡೀ ಮಧ್ಯಾಹ್ನ ಕೂತಿರೋಕೆ ಆಗ್ಬೇಕು. ಬೆಂಚಿಗೆ ಬೆನ್ನಾಸರೆ ಮತ್ತು ಕೈಯಾಸರೆ ಇಲ್ದಿದ್ರೆ ವಯಸ್ಸಾದವರಿಗೆ ಕೂತು ಏಳೋಕೆ ಆಗಲ್ಲ, ಇಷ್ಟು ಸಣ್ಣ ವಿಷಯ, ಆದ್ರೂ ಎಷ್ಟೋ ಕಡೆ ಉದ್ದ ಕಲ್ಲಿನ ಹಲಗೆ ಇಟ್ಟು ಸುಮ್ನಾಗ್ತಾರೆ. ರ‍್ಯಾಂಪು 1:20 ಇಳಿಜಾರಲ್ಲಿ (20 ಮೀಟರ್ ಉದ್ದಕ್ಕೆ 1 ಮೀಟರ್ ಏರು) ಇದ್ರೆ ಗಾಲಿಕುರ್ಚಿಯವರು ಆರಾಮಾಗಿ ಹೋಗ್ತಾರೆ, ಜಾಗ ತೀರಾ ಕಮ್ಮಿ ಇದ್ರೆ 1:12, ಅದಕ್ಕಿಂತ ಕಡಿದು ಬೇಡ. ನೆರಳು, ಕುಡಿಯೋ ನೀರು, ಶೌಚಾಲಯ ಮೂರೂ ಪುಕ್ಕಟೆ ಸಿಗ್ಲಿ. ನೀರಿಗೆ ಬಿದ್ದವರು ಹತ್ತಿ ಬರೋಕೆ ಅಲ್ಲಲ್ಲಿ ಏಣಿ, ಹಿಡ್ಕೊಳ್ಳೋಕೆ ಸರಪಳಿ, ಎಸೆಯೋಕೆ ನೀರಲ್ಲಿ ತೇಲೋ ಬಳೆ ಅಂದ್ರೆ ಲೈಫ್‌ಬಾಯ್ ಬೇಕೇ ಬೇಕು. ನೀರಿನ ಮೇಲಿಂದ ಬರೋ ಗಾಳಿ ಜೋರಿರತ್ತೆ, ಅಡ್ಡ ಬೀದಿಗಳನ್ನ ಗಾಳಿಯ ದಿಕ್ಕಿಗೆ ನೇರ ಇಟ್ರೆ ಕೊಳವೆ ಥರ ಆಗಿಬಿಡತ್ತೆ, ಚೂರು ಓರೆ ಮಾಡಿ. ದೀಪದ ಬೆಳಕು ನೆಲಕ್ಕೆ ಬೀಳ್ಲಿ, ನೀರಿಗೆ ಬೇಡ.

ಅಂಗಡಿ ಡಿಸೈನಲ್ಲಿ ಗಾತ್ರನೇ ಎಲ್ಲ. ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗೇಲ್ ಹೇಳೋ ಪ್ರಕಾರ ಜೀವಂತ ಬೀದಿಲಿ ಪ್ರತಿ 100 ಮೀಟರಿಗೆ 15ರಿಂದ 20 ಬಾಗಿಲು ಇರತ್ತೆ, ಅಂದ್ರೆ ಐದಾರು ಮೀಟರಿಗೆ ಒಂದು ಅಂಗಡಿ, ನಡೀತಾ ನಡೀತಾ ನಾಲ್ಕೈದು ಸೆಕೆಂಡಿಗೆ ಹೊಸದೊಂದು ಕಣ್ಣಿಗೆ ಬೀಳತ್ತೆ. ಅಮೆರಿಕದ ಬಾಲ್ಟಿಮೋರಿನ ಬಂದರು ದಡದ ಅಂಗಡಿ ಸಂಕೀರ್ಣ ಹಾರ್ಬರ್‌ಪ್ಲೇಸ್ 1980ರಲ್ಲಿ ತೆರೆದಾಗ ಜಗತ್ತೆಲ್ಲ ಹೋಗಿ ನೋಡಿ ಕಾಪಿ ಮಾಡ್ತು. ಬರ್ತಾ ಬರ್ತಾ ಊರಿನ ಸಣ್ಣ ವ್ಯಾಪಾರಿಗಳು ಕಮ್ಮಿಯಾಗಿ ಎಲ್ಲ ಕಡೆ ಸಿಗೋ ಚೈನ್ ಅಂಗಡಿಗಳು ತುಂಬ್ಕೊಂಡ್ವು, ಆಮೇಲೆ ಅವೂ ಖಾಲಿಯಾದ್ವು, 2019ರಲ್ಲಿ ಕೋರ್ಟೇ ಅದರ ಉಸ್ತುವಾರಿಗೆ ಒಬ್ಬರನ್ನ ನೇಮಿಸ್ಬೇಕಾಯ್ತು. ಕೆನಡಾದ ವ್ಯಾಂಕೂವರಿನ ಗ್ರಾನ್ವಿಲ್ ಐಲ್ಯಾಂಡ್ ಇದಕ್ಕೆ ಉಲ್ಟಾ, 1979ರಲ್ಲಿ ಮಾರ್ಕೆಟ್ ಶುರುವಾಯ್ತು, ಜಾಗ ಇವತ್ತಿಗೂ ಸರ್ಕಾರದ್ದೇ, ಮಾರ್ಕೆಟ್, ರಂಗಮಂದಿರ, ಕುಶಲಕರ್ಮಿಗಳ ವರ್ಕ್‌ಶಾಪ್ ಪಕ್ಕದಲ್ಲೇ ಹಳೇ ಕಾಂಕ್ರೀಟ್ ಫ್ಯಾಕ್ಟರಿನೂ ಓಡ್ತಾ ಇತ್ತು, ಅದನ್ನ ಯಾರೂ ಅಲ್ಲಿಂದ ಎಬ್ಬಿಸ್ಲಿಲ್ಲ. ನೀವೂ ಜಾಗ ಮಾರ್ಬೇಡಿ, ಲೀಸಿಗೆ ಕೊಡಿ. ಸಣ್ಣ ಅಂಗಡಿಗೆ ವ್ಯಾಪಾರದ ಮೇಲೆ ಇಂತಿಷ್ಟು ಪಾಲು ಅಂತ ಬಾಡಿಗೆ ಇಡಿ, ವ್ಯಾಪಾರ ಡಲ್ ಇರೋ ತಿಂಗಳು ಅವರು ಉಸಿರಾಡ್ತಾರೆ. ಮೊದಲಿಂದ ಅಲ್ಲಿ ಮೀನು ಹಿಡೀತಿದ್ದವರು, ದೋಣಿ ರಿಪೇರಿ ಮಾಡ್ತಿದ್ದವರು ಇದ್ರೆ ಅವರ ಜಾಗ ಮೊದಲು ಗುರುತು ಮಾಡಿ, ಕರಾರಲ್ಲಿ ಬರೆದೇ ಕೊಡಿ, ಬಾಯಿ ಮಾತು ಸಾಲಲ್ಲ.

ಕಲೆಗೆ ಅಂತ ಹೊಸ ದೊಡ್ಡ ಕಟ್ಟಡ ಕಟ್ಟೋಕೆ ಮುಂಚೆ ಹಳೇ ಗೋಡೌನ್, ಕಣಜ ಏನಿದೆ ನೋಡಿ, ಇರೋದನ್ನ ಉಳಿಸಿದ್ರೆ ಸಿಮೆಂಟು ಕಬ್ಬಿಣ ತಯಾರಿಸೋವಾಗ ಬರೋ ಹೊಗೆನೇ ಎಷ್ಟೋ ತಪ್ಪತ್ತೆ. ಕೇಪ್‌ಟೌನಿನಲ್ಲಿ 1920ರ ದಶಕದ ಧಾನ್ಯದ ಕಣಜದ 42 ಕಾಂಕ್ರೀಟ್ ಕೊಳವೆಗಳನ್ನ ಒಳಗಿಂದ ಕೊರೆದು 2017ರಲ್ಲಿ ಮ್ಯೂಸಿಯಂ ಮಾಡಿದ್ರು. ಆದ್ರೆ ಪ್ರದರ್ಶನದ ಹಾಲ್ ಒಂದೇ ಇದ್ರೆ ಆಯ್ತು ಅನ್ಕೋಬೇಡಿ, ರಿಹರ್ಸಲ್ ರೂಮು, ಕಮ್ಮಿ ಬಾಡಿಗೆಯ ಸ್ಟುಡಿಯೋ ಬೇಕು. ಅವು ಇದ್ರೆ ಬೆಳಿಗ್ಗೆ ಹತ್ತು ಗಂಟೆಗೂ ಅಲ್ಲಿ ತಬಲಾ ಕೇಳ್ಸತ್ತೆ, ಟೀ ಅಂಗಡಿಗೆ ಗಿರಾಕಿ ಸಿಗ್ತಾರೆ. ಪೂರ್ತಿ ಹಗಲು ಖಾಲಿ ಬಿದ್ದಿರೋ ಕಟ್ಟಡದ ಎದುರು ಯಾವ ಅಂಗಡಿನೂ ಬದುಕಲ್ಲ.

ಕೂಲಿಂಗ್‌ಗೆ ಪಕ್ಕದ ನೀರನ್ನೇ ಬಳಸಬಹುದು, ಟೊರಾಂಟೊದಲ್ಲಿ 2004ರಿಂದ ಸರೋವರದ ಆಳದ ತಣ್ಣೀರಿನ ತಂಪನ್ನ ಊರಿನ ಕಟ್ಟಡಗಳಿಗೆ ಕೊಡ್ತಾ ಇದ್ದಾರೆ. ನಿಮ್ಮ ನೀರು ಆಳ ಇಲ್ದಿದ್ರೆ ಹುಷಾರು, ಬಿಸಿ ನೀರು ವಾಪಸ್ ಬಿಟ್ರೆ ಮೀನಿಗೆ ಕಷ್ಟ. ಸಾಮಾನಿನ ಗಾಡಿಗಳಿಗೆ ಹಿಂದಿನ ರಸ್ತೆ, ಬೆಳಗಿನ ಹೊತ್ತು ನಿಗದಿ ಮಾಡಿ.

ಕಟ್ಟಿ ಮುಗಿದ ಮೇಲೆ ನೋಡ್ಕೊಳ್ಳೋ ಖರ್ಚಿಗೆ ಬಾಡಿಗೆಯ ಒಂದು ಭಾಗ ಬೇರೆ ಖಾತೆಲಿ ಇಡಿ, ಅದನ್ನ ಬೇರೆ ಯಾವುದಕ್ಕೂ ಮುಟ್ಟಬಾರ್ದು. ಉಪ್ಪು ನೀರು ಎರಚೋ ಮಟ್ಟದಲ್ಲಿ ಕಬ್ಬಿಣ ಬೇಗ ತುಕ್ಕು ಹಿಡಿಯತ್ತೆ, ವರ್ಷಕ್ಕೊಮ್ಮೆ ತಪಾಸಣೆ ತಪ್ಪಿಸ್ಬೇಡಿ. ಮಳೆಗಾಲಕ್ಕೆ ಮುಂಚೆ ಒಂದು ದಿನ ಎಲ್ಲ ಅಂಗಡಿಯವರನ್ನೂ ಸೇರಿಸಿ ನೆರೆ ಬಾಗಿಲುಗಳನ್ನ ನಿಜವಾಗ್ಲೂ ಹಾಕಿ ನೋಡಿ, ಎಷ್ಟು ನಿಮಿಷ ಆಗತ್ತೆ ಬರ್ಕೊಳ್ಳಿ, ಕೀಲಿ ಯಾರ ಹತ್ರ ಇರತ್ತೆ, ರಾತ್ರಿ ಎರಡು ಗಂಟೆಗೆ ಅವರು ಫೋನ್ ಎತ್ತದೇ ಇದ್ರೆ ಇನ್ಯಾರ ಹತ್ರ ಇದೆ ಅಂತ ಬಾಗಿಲ ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ ಬರೆದು ಹಾಕಿ.