ಮಂಜೇಶ್ವರ ನುಗ್ಗಲಿ, ಬದಿಯಡ್ಕ ಬೇರೂರಲಿ: ಸ್ಟಾರ್‌ಕ್ರಾಫ್ಟ್ 2ನ್ನು ಕನ್ನಡದ ಬಾಯಿಮಾತಿನಲ್ಲಿ ಆಡಿಸುವ ಬಗೆ

ಬಾಯಿಮಾತಿನಿಂದಲೇ ಸೈನ್ಯ ನಡೆಸುವ ಆಟಗಳು ಹೊಸತಲ್ಲ. 2008ರ ಎಂಡ್‌ವಾರ್‌ನಲ್ಲಿ 'ಯಾರು, ಏನು, ಎಲ್ಲಿ' ಎಂಬ ಕ್ರಮದಲ್ಲಿ ಆಜ್ಞೆ ಕೊಡಬೇಕಿತ್ತು. 2015ರ ದೇರ್ ಕೇಮ್ ಆ್ಯನ್ ಎಕೋ ಕೂಡ ಮಾತಿನ ಮೇಲೆಯೇ ನಿಂತ ಆಟ. ಆದರೆ ಎರಡಕ್ಕೂ ಕನ್ನಡ ಬರುವುದಿಲ್ಲ. ಕನ್ನಡದಲ್ಲಿ ಆಜ್ಞೆ ಕೊಡಬೇಕೆಂದರೆ 2017ರ ನವೆಂಬರಿನಿಂದ ಉಚಿತವಾಗಿರುವ ಸ್ಟಾರ್‌ಕ್ರಾಫ್ಟ್ 2 ಎಂಬ ಕಂಪ್ಯೂಟರ್ ಯುದ್ಧದಾಟಕ್ಕೆ ವಾಯ್ಸ್‌ಅಟ್ಯಾಕ್ ಎಂಬ ವಿಂಡೋಸ್ ಪ್ರೋಗ್ರಾಂ ಜೋಡಿಸುವುದು ಒಳ್ಳೆಯ ದಾರಿ. ನೀವು ಹೇಳಿದ ಮಾತನ್ನು ಅದು ಕೀಬೋರ್ಡ್ ಒತ್ತುವಿಕೆಯಾಗಿ ಬದಲಿಸುತ್ತದೆ. ಕಂಪ್ಯೂಟರ್ ಎದುರಾಳಿಯ ಜೊತೆ ಮಾತ್ರ ಹೀಗೆ ಆಡಿ. ಆನ್‌ಲೈನಿನಲ್ಲಿ ಬೇರೆಯವರ ಎದುರು ಒಂದೇ ಮಾತಿಗೆ ನಾಲ್ಕು ಕೀ ಒತ್ತಿಸುವುದು ನ್ಯಾಯವೂ ಅಲ್ಲ, ನಿಯಮಕ್ಕೂ ಒಪ್ಪುವುದಿಲ್ಲ.

ಮೊದಲು ಮೈಕ್. ಲ್ಯಾಪ್‌ಟಾಪಿನೊಳಗಿನ ಮೈಕ್ ಬೇಡ. ಆಟದ ಸೈನಿಕರೂ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಆ ಮಾತು ಸ್ಪೀಕರಿನಿಂದ ಮೈಕಿಗೆ ಹೋದರೆ ಸೈನಿಕರ ಉತ್ತರವೇ ಇನ್ನೊಂದು ಆಜ್ಞೆಯಾಗುತ್ತದೆ. ಯುಎಸ್‌ಬಿ ಹೆಡ್‌ಸೆಟ್ ಹಾಕಿ, ಮೈಕನ್ನು ಬಾಯಿಯ ಅಂಚಿನಿಂದ ಎರಡು ಬೆರಳು ದೂರಕ್ಕೆ, ಉಸಿರು ನೇರ ತಾಗದ ಹಾಗೆ ಓರೆಯಾಗಿ ಇಡಿ. ವಿಂಡೋಸಿನಲ್ಲಿ ಮೈಕಿನ ಮಟ್ಟ 75ರಿಂದ ಶುರುಮಾಡಿ. 100ಕ್ಕೆ ಏರಿಸಿದರೆ ಜೋರು ದನಿ ಒಡೆಯುತ್ತದೆ. ನಮ್ಮ ಕಾಸರಗೋಡಿನ ಕಡೆ ಆಟಿ ತಿಂಗಳ ಜೋರು ಮಳೆ ಶೀಟಿನ ಮಾಡಿನ ಮೇಲೆ ಬೀಳುವಾಗ ಆ ಸದ್ದು ಮಾತಿನ ಎಲ್ಲ ಸ್ವರಗಳನ್ನೂ ಒಟ್ಟಿಗೆ ಮುಚ್ಚುತ್ತದೆ. ಆಗ ಮಟ್ಟ 10 ಇಳಿಸಿ, ಮೈಕನ್ನು ಒಂದು ಬೆರಳು ಹತ್ತಿರ ತಂದು, ಎಂದಿನ ದನಿಯಲ್ಲೇ ಹೇಳಿ. ಕೂಗಿದರೆ ಉಚ್ಚಾರಣೆಯೇ ಬದಲಾಗಿ ತಪ್ಪು ಹೆಚ್ಚುತ್ತದೆ.

ವಿಂಡೋಸಿನ ಧ್ವನಿ ಗುರುತಿಸುವ ಎಂಜಿನ್‌ಗೆ ಕನ್ನಡ ಬರುವುದಿಲ್ಲ. ಭಾಷೆಯ ಸೆಟ್ಟಿಂಗಿನಲ್ಲಿ ಇಂಗ್ಲಿಷ್ ಇಂಡಿಯಾವನ್ನು ಸ್ಪೀಚ್ ಸಮೇತ ಇಳಿಸಿಕೊಳ್ಳಿ. ಆಮೇಲೆ ಕಂಟ್ರೋಲ್ ಪ್ಯಾನೆಲ್‌ನ ಸ್ಪೀಚ್ ರೆಕಗ್ನಿಷನ್‌ಗೆ ಹೋಗಿ ಅದನ್ನೇ ಆರಿಸಿ, ಅಲ್ಲಿನ ಓದಿಸುವ ತರಬೇತಿಯನ್ನು ಎರಡು ಮೂರು ಸಲವಾದರೂ ಮುಗಿಸಿ. ಇದನ್ನು ಬಿಟ್ಟವರೇ ಆಮೇಲೆ ಪ್ರೋಗ್ರಾಮನ್ನು ದೂರುವುದು. ಮನೆಯಲ್ಲಿ ತಮ್ಮನೋ ತಂಗಿಯೋ ಆಡುವುದಾದರೆ ಅವರಿಗೆ ಬೇರೆಯೇ ಸ್ಪೀಚ್ ಪ್ರೊಫೈಲ್ ಮಾಡಿ; ಇಬ್ಬರ ದನಿ ಒಂದರಲ್ಲಿ ಕಲಸಿದರೆ ಇಬ್ಬರಿಗೂ ಕೆಡುತ್ತದೆ.

ಇನ್ನು ಕನ್ನಡ ಪದಗಳನ್ನು, ಅಂದರೆ ಆಜ್ಞೆಗಳನ್ನೂ ಪಡೆಗಳಿಗೆ ಇಡುವ ನಮ್ಮ ಕಡೆಯ ಊರುಗಳ ಹೆಸರನ್ನೂ ಕಲಿಸುವುದು. ನಿಜವಾದ ಕೆಲಸ ಇಲ್ಲಿದೆ. ಎಂಜಿನ್‌ಗೆ ಅರ್ಥ ಬೇಡ, ಸದ್ದು ಸಾಕು. ಹಾಗಾಗಿ ಕನ್ನಡದ ಸದ್ದಿಗೆ ಹತ್ತಿರವಿರುವ ಇಂಗ್ಲಿಷ್ ಕಾಗುಣಿತ ಕೊಡಬೇಕು. 'ಬನ್ನಿ'ಗೆ ಮೊಲದ ಮರಿಯ ಇಂಗ್ಲಿಷ್ ಹೆಸರನ್ನೇ ಬರೆಯಿರಿ: ಬಿ, ಯು, ಎನ್, ಎನ್, ವೈ. 'ಬದಿಯಡ್ಕ'ದ ಮೊದಲರ್ಧಕ್ಕೆ ಗೆಳೆಯ ಎಂಬರ್ಥದ 'ಬಡಿ' ಸಾಕು. 'ಮುಳ್ಳೇರಿಯ'ದ ಕೊನೆಗೆ 'ಏರಿಯಾ' ಸರಿಹೊಂದುತ್ತದೆ. 'ಎದ್ದೇಳಿ'ಯ ಕೊನೆಗೆ 'ಡೇಲಿ'. ಉದ್ದ ಪದಗಳನ್ನು ಎರಡು ಮೂರು ತುಂಡು ಮಾಡಿ, ನಡುವೆ ಜಾಗ ಬಿಟ್ಟು ಬರೆದರೆ ಎಂಜಿನ್ ಚೆನ್ನಾಗಿ ಹಿಡಿಯುತ್ತದೆ.

ಲ-ಳ, ನ-ಣ ವ್ಯತ್ಯಾಸ ಈ ಎಂಜಿನ್‌ಗೆ ಕೇಳಿಸುವುದಿಲ್ಲ, ಒತ್ತಕ್ಷರವೂ ಅಷ್ಟಕ್ಕಷ್ಟೆ. ಆದ್ದರಿಂದ ಪಡೆಗಳಿಗೆ ಕುಂಬಳೆ, ಉಪ್ಪಳ ಎಂದು ಹೆಸರಿಟ್ಟರೆ ಎರಡೂ ಒಂದರೊಳಗೊಂದು ಬೀಳುತ್ತವೆ. ಪೆರ್ಲ ತೀರ ಗಿಡ್ಡ. ಕೆಮ್ಮಿದರೂ ಪೆರ್ಲ ಎಂದೇ ಕೇಳೀತು. ಮಂಜೇಶ್ವರ, ಬದಿಯಡ್ಕ, ಮುಳ್ಳೇರಿಯ ಮೂರೂ ನಾಲ್ಕು ಅಕ್ಷರದವು, ಒಟ್ಟು ಸದ್ದಿನಲ್ಲಿ ಬೇರೆ ಬೇರೆ. ಕ್ರಿಯಾಪದಕ್ಕೂ ಇದೇ ಲೆಕ್ಕ: 'ನುಗ್ಗಿ', 'ನಿಲ್ಲಿ' ಎರಡೂ ನಕಾರದಿಂದ ಹೊರಟು ಇಕಾರದಲ್ಲಿ ಮುಗಿಯುತ್ತವೆ. ನಿಲ್ಲಿಸಲು ಹೋಗಿ ನುಗ್ಗಿಸಿದರೆ ಪಡೆ ಉಳಿಯುವುದಿಲ್ಲ. 'ನುಗ್ಗಿ ಹೊಡೆಯಿರಿ', 'ಅಲ್ಲೇ ನಿಲ್ಲಿ', 'ಹಿಂದೆ ಬನ್ನಿ' ಎಂದು ಹಿಗ್ಗಿಸಿ.

ವಾಯ್ಸ್‌ಅಟ್ಯಾಕಿನ ಪ್ರಯೋಗ ಆವೃತ್ತಿಯಲ್ಲಿ ಒಂದು ಪ್ರೊಫೈಲ್, 20 ಕಮಾಂಡ್. ಟೆರನ್ ಸೈನ್ಯಕ್ಕೆ, ಅಂದರೆ ಆಟದ ಮನುಷ್ಯರ ಬಣಕ್ಕೆ, ಅಷ್ಟು ಸಾಕು. ಮಂಜೇಶ್ವರ ಎಂದರೆ ಮರೀನ್ ಎಂಬ ಕಾಲಾಳುಗಳು, ಕಂಟ್ರೋಲ್ ಗ್ರೂಪ್ (ಅಂಕೆಯ ಕೀ ಒತ್ತಿದರೆ ಆಯ್ಕೆಯಾಗುವ ಗುಂಪು) 1. ಬದಿಯಡ್ಕ ಸೀಜ್ ಟ್ಯಾಂಕ್‌ಗಳು, 2. ಮುಳ್ಳೇರಿಯ ಮರಾಡರ್‌ಗಳು, 3. ಮೂರು ಪಡೆಗೂ ನುಗ್ಗು, ನಿಲ್ಲು, ಹಿಂದೆ ಬಾ: 9. ಮೂರಕ್ಕೂ ಹೊಸ ಸೈನಿಕರನ್ನು ಸೇರಿಸುವ 'ಸೇರಿ': 3. ಮಂಜೇಶ್ವರ ಮತ್ತು ಮುಳ್ಳೇರಿಯಕ್ಕೆ 'ಮದ್ದು ಕುಡಿಯಿರಿ': 2. ಬದಿಯಡ್ಕಕ್ಕೆ ಟ್ಯಾಂಕನ್ನು ನಿಂತಲ್ಲೇ ಊರಿಸುವ 'ಬೇರೂರಿ' (ಸೀಜ್ ಮೋಡ್), ಮತ್ತೆ ಓಡಾಡಿಸುವ 'ಎದ್ದೇಳಿ': 2. ಮರೀನ್, ಮರಾಡರ್, ಟ್ಯಾಂಕ್, ಕೆಲಸದ ಎಸ್‌ಸಿವಿ ತಯಾರಿಗೆ 4. ಒಟ್ಟು 20.

ಆಟದ ಹಾಟ್‌ಕೀ ಸ್ಟ್ಯಾಂಡರ್ಡ್‌ನಲ್ಲಿರಲಿ. 'ಮಂಜೇಶ್ವರ ನುಗ್ಗಿ ಹೊಡೆಯಿರಿ'ಗೆ ಕ್ರಮ ಹೀಗೆ: 1 ಒತ್ತು, 0.05 ಸೆಕೆಂಡ್ ತಡೆ, ಎ ಒತ್ತು, ಮತ್ತೆ 0.05 ತಡೆ, ಮೌಸಿನ ಎಡ ಕ್ಲಿಕ್. ಪ್ರತಿ ಕೀಯನ್ನೂ 0.1 ಸೆಕೆಂಡ್ ಹಿಡಿದಿರಬೇಕು. ಇದಕ್ಕಿಂತ ಚುಟುಕಾದರೆ ಆಟ ಕೆಲವನ್ನು ನುಂಗಿಬಿಡುತ್ತದೆ. ಎಲ್ಲಿಗೆ ಎನ್ನುವುದನ್ನು ಮೌಸಿನ ಮುಳ್ಳು ತೋರಿಸುತ್ತದೆ, ಯಾರು ಏನು ಎನ್ನುವುದನ್ನು ಬಾಯಿ ಹೇಳುತ್ತದೆ. ಮಾತು ಮುಗಿದು ಕ್ಲಿಕ್ ಬೀಳುವವರೆಗೆ ಮೌಸನ್ನು ಕದಲಿಸಬೇಡಿ. ಹಿಂದೆ ಬರಲು ಬಲ ಕ್ಲಿಕ್, ನಿಲ್ಲಲು ಎಚ್, ಸೇರಿಸಲು ಶಿಫ್ಟ್ ಜೊತೆ ಪಡೆಯ ಅಂಕೆ. ಬೇರೂರಲು ಇ, ಎದ್ದೇಳಲು ಡಿ. ಬ್ಯಾರಕ್‌ಗಳನ್ನು ಗ್ರೂಪ್ 4ಕ್ಕೆ, ಫ್ಯಾಕ್ಟರಿಯನ್ನು 5ಕ್ಕೆ, ಕಮಾಂಡ್ ಸೆಂಟರನ್ನು 6ಕ್ಕೆ ಕಟ್ಟಿ: ಮರೀನ್‌ಗೆ 4 ಎ, ಮರಾಡರ್‌ಗೆ 4 ಡಿ, ಟ್ಯಾಂಕಿಗೆ 5 ಎಸ್, ಎಸ್‌ಸಿವಿಗೆ 6 ಎಸ್. ಮೂರು ಬ್ಯಾರಕ್ ಇದ್ದರೆ ಎ ಮೂರು ಸಲ. ಒಂದೊಂದರಲ್ಲಿ ಒಬ್ಬೊಬ್ಬ ಮರೀನ್ ತಯಾರಾಗುತ್ತಾನೆ. ಅದಕ್ಕಿಂತ ಹೆಚ್ಚು ಒತ್ತಿಸಬೇಡಿ, ಸರದಿಯಲ್ಲಿ ನಿಂತ ಪ್ರತಿ ಮರೀನಿನ 50 ಮಿನರಲ್ (ಆಟದ ಹಣ) ಆಗಲೇ ಕಟ್ಟಾಗುತ್ತದೆ. ಸೈನ್ಯದ ಗಾತ್ರದ ಮಿತಿ ಏರಿಸುವ ಸಪ್ಲೈ ಡಿಪೋವನ್ನು ಕೈಯಿಂದಲೇ ಕಟ್ಟಿ: ಬಿ, ಎಸ್, ಜಾಗಕ್ಕೆ ಕ್ಲಿಕ್. ಬೆಲೆ 100 ಮಿನರಲ್, ಸಿಗುವುದು 8 ಸಪ್ಲೈ.

ಬರೀ 'ಮಂಜೇಶ್ವರ' ಎಂಬ ಕಮಾಂಡ್ ಇಡಬೇಡಿ. ಹೆಸರು ಹೇಳಿ ಉಸಿರು ತೆಗೆದುಕೊಂಡರೆ ಎಂಜಿನ್ ಅಷ್ಟಕ್ಕೇ ಮಾತು ಮುಗಿಯಿತೆಂದು ಗ್ರಹಿಸುತ್ತದೆ. ಪೂರ್ತಿ ಆಜ್ಞೆಯನ್ನು ಒಂದೇ ಉಸಿರಿನಲ್ಲಿ ಹೇಳಿ, ಆಮೇಲೆ ಅರೆಗಳಿಗೆ ಸುಮ್ಮನಿರಿ.

ವಾಯ್ಸ್‌ಅಟ್ಯಾಕಿನ ರೆಕಗ್ನಿಷನ್ ಪುಟದಲ್ಲಿ ಕನಿಷ್ಠ ಕಾನ್ಫಿಡೆನ್ಸ್ ಮಟ್ಟ ಎಂಬುದಿದೆ: ಎಷ್ಟು ಖಾತ್ರಿಯಾದರೆ ಮಾತನ್ನು ಒಪ್ಪಬೇಕೆಂಬ ಅಂಕ. 60ರಿಂದ ಶುರುಮಾಡಿ, ಲಾಗಿನಲ್ಲಿ ಪ್ರತಿ ಮಾತಿನ ಅಂಕ ಕಾಣುವಂತೆ ಮಾಡಿಕೊಳ್ಳಿ. ಒಂದೊಂದು ಕಮಾಂಡನ್ನೂ ಹತ್ತು ಸಲ ಹೇಳಿ ನೋಡಿ. ಎಂಟಕ್ಕಿಂತ ಕಡಿಮೆ ಸಲ ಹಿಡಿದರೆ ಮಟ್ಟ ಇಳಿಸುವ ಮೊದಲು ಕಾಗುಣಿತ ತಿದ್ದಿ. ಮಟ್ಟ ಇಳಿಸಿದರೆ ಪಕ್ಕದ ಕೋಣೆಯ ಮಲಯಾಳ ಟಿವಿಯೂ ಸೇನಾಪತಿಯಾಗುತ್ತದೆ. ಕೇಳಿಸಿಕೊಳ್ಳುವುದನ್ನು ಒಂದು ಕೀಗೆ ಕಟ್ಟಿ, ಅದನ್ನು ಒತ್ತಿಹಿಡಿದಾಗ ಮಾತ್ರ ಮೈಕ್ ತೆರೆಯುವಂತೆ ಮಾಡಿದರೆ ಇನ್ನೂ ಒಳ್ಳೆಯದು. ಅದು ಆಟ ಬಳಸದ ಕೀ ಆಗಿರಲಿ.

'ಮದ್ದು' ವಿಷಯದಲ್ಲಿ ವಿಶೇಷ ಎಚ್ಚರ. ಮದ್ದೆಂದರೆ ಸೈನಿಕರ ವೇಗ ಹೆಚ್ಚಿಸುವ ಸ್ಟಿಮ್, ಅದರ ಕೀ ಟಿ. ಪ್ರತಿ ಸಲ ಮರೀನಿಗೆ 10, ಮರಾಡರ್‌ಗೆ 20 ಹೆಲ್ತ್ ಕಳೆಯುತ್ತದೆ. ಮರೀನಿಗೆ ಇರುವುದೇ 45. ತಪ್ಪು ಕೇಳಿಸಿ ಎರಡು ಸಲ ಬಿದ್ದರೆ ಶತ್ರು ಬರುವ ಮೊದಲೇ ಪಡೆ ಅರ್ಧ ಜೀವ. ಹಾಗಾಗಿ ಈ ಎರಡು ಕಮಾಂಡ್‌ಗಳ ಮಟ್ಟವನ್ನು 80ರ ಹತ್ತಿರ ಇಡಿ.

ಟ್ಯಾಂಕುಗಳನ್ನು ಬೇಗ ಬೇರೂರಿಸಿ. ಬೇರೂರಿದಾಗ ಅವುಗಳ ಗುಂಡು ಆಟದ ಅಳತೆಯಲ್ಲಿ 13ರ ದೂರಕ್ಕೆ ಮುಟ್ಟುತ್ತದೆ, ಬೇರೂರದಿದ್ದಾಗ 7. ಮಾತು ಗುರುತಾಗಲು ಹಿಡಿಯುವ ಹೊತ್ತಿಗೆ ಟ್ಯಾಂಕು ಮಡಚಿ ಕೂರುವ ಸೆಕೆಂಡುಗಳೂ ಸೇರುತ್ತವೆ; ಶತ್ರು ಕಂಡ ಮೇಲೆ ಹೇಳಿದರೆ ತಡವಾಯಿತು. ಮೊದಮೊದಲು ಆಟದ ವೇಗವನ್ನು ನಾರ್ಮಲ್‌ಗೆ ಇಳಿಸಿಕೊಳ್ಳಿ.

ಲಾಗಿನಲ್ಲಿ ಮಾತು ಸರಿಯಾಗಿ ಗುರುತಾಗಿಯೂ ಆಟ ಅಲುಗಾಡದಿದ್ದರೆ ತಪ್ಪು ಮೈಕಿನದಲ್ಲ. ಆಟ ಅಡ್ಮಿನ್ ಆಗಿ ಓಡುತ್ತಿದ್ದು ವಾಯ್ಸ್‌ಅಟ್ಯಾಕ್ ಹಾಗಿಲ್ಲದಿದ್ದರೆ ಕೀಗಳು ಒಳಗೆ ಹೋಗುವುದಿಲ್ಲ. ಎರಡನ್ನೂ ಒಂದೇ ರೀತಿ ತೆರೆಯಿರಿ.