ಸರ್ವರ್ 8, ಲೈಬ್ರರಿ 9: ಸರ್ಚ್ ನಿಂತಾಗ ಮೊದಲು ನೋಡಬೇಕಾದದ್ದು

ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ಜೀನ್ಸ್ ಹೊಲಿಸುವ ಒಬ್ಬರ ಗೋದಾಮಿಗೆ ಸ್ಟಾಕ್ ಹುಡುಕುವ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇನೆ. ತೆರೆಯ ಹಿಂದೆ ಎಲಾಸ್ಟಿಕ್‌ಸರ್ಚ್ ಅನ್ನುವ ಹುಡುಕುವ ಸರ್ವರ್, ಮುಂದೆ ಪೈಥಾನ್ ಕೋಡ್. ಎರಡರ ನಡುವೆ ಮಾತು ಸಾಗಿಸುವುದು ಎಲಾಸ್ಟಿಕ್‌ಸರ್ಚ್‌ನ ಪೈಥಾನ್ ಲೈಬ್ರರಿ. ಲಾಟ್ ನಂಬರ್, ಸೈಜ್, ಶೇಡ್ ಹಾಕಿದರೆ ಮಾಲು ಎಲ್ಲಿದೆ ಅಂತ ತೋರಿಸುತ್ತದೆ. ಸರ್ವರನ್ನು 7.17ರಿಂದ 8ಕ್ಕೆ ಏರಿಸಿದ ಮರುದಿನ ಬೆಳಿಗ್ಗೆಯೇ ಫೋನ್ ಬಂತು. "ತಮ್ಮಾ, ಲಾಟ್ ನಂಬರ್ ಹಾಕಿದ್ರೆ ಏನೂ ಬರ್ತಿಲ್ಲ ನೋಡು. ದೀಪಾವಳಿ ಮಾಲು ಲಾರಿಗೆ ಹಾಕ್ಬೇಕು."

ಸರ್ವರ್ ಚೆನ್ನಾಗಿಯೇ ಓಡುತ್ತಿತ್ತು. ಲಾಗ್‌ನಲ್ಲಿ ಮಾತ್ರ 400 ಎರರ್: ಆಕ್ಸೆಪ್ಟ್ ವರ್ಷನ್ 8 ಅಥವಾ 7 ಇರಬೇಕು, ಬಂದಿರುವುದು 9. ಈ ಸಾಲನ್ನು ನಿಧಾನವಾಗಿ ಓದಿ, ಅರ್ಧ ಉತ್ತರ ಅಲ್ಲೇ ಇದೆ. 8ರಿಂದ ಈಚೆಗೆ ಲೈಬ್ರರಿ ತನ್ನ ಮೇಜರ್ ವರ್ಷನ್ನನ್ನು (ಚುಕ್ಕೆಗೆ ಮೊದಲಿನ ನಂಬರ್) ಪ್ರತಿ ಕೋರಿಕೆಯ ತಲೆಬರಹದಲ್ಲಿ, ಅಂದರೆ ಹೆಡರ್‌ನಲ್ಲಿ, ಬರೆದು ಕಳಿಸುತ್ತದೆ. ಸರ್ವರ್‌ಗೆ ತನ್ನದೂ ಗೊತ್ತು, ಹಿಂದಿನದೂ ಗೊತ್ತು. ಮುಂದಿನದು ಗೊತ್ತಿಲ್ಲ. ಪೈಥಾನ್ ಲೈಬ್ರರಿ ಹಾಕುವ ಪಿಪ್‌ಗೆ ನಂಬರ್ ಹೇಳದೆ ಇನ್‌ಸ್ಟಾಲ್ ಕೊಟ್ಟಿದ್ದರಿಂದ 9 ಬಂದು ಕೂತಿತ್ತು.

ಹಾಗಾಗಿ ಕೋಡ್ ಮುಟ್ಟುವ ಮೊದಲು ಎರಡು ನಂಬರ್ ಕಾಗದದ ಮೇಲೆ ಬರೆದುಕೊಳ್ಳಿ. ಸರ್ವರ್ ವಿಳಾಸದ 9200 ಪೋರ್ಟ್ ತೆರೆದರೆ ಅದರ ವರ್ಷನ್ ಕಾಣುತ್ತದೆ. ಪಿಪ್ ಶೋ ಕೊಟ್ಟರೆ ಲೈಬ್ರರಿಯದು ಕಾಣುತ್ತದೆ. ಲೈಬ್ರರಿಯ ಮೇಜರ್ ನಂಬರ್ ಸರ್ವರ್‌ಗಿಂತ ಜಾಸ್ತಿ ಇರಬಾರದು. ಬೇಕಾದ ಲೈಬ್ರರಿಗಳ ಪಟ್ಟಿ ಇರುವ ರಿಕ್ವೈರ್ಮೆಂಟ್ಸ್ ಫೈಲ್‌ನಲ್ಲಿ "ಎಲಾಸ್ಟಿಕ್‌ಸರ್ಚ್>=8,<9" ಅಂತ ಕಟ್ಟಿಹಾಕಿ (ಹೆಸರು ಇಂಗ್ಲಿಷ್ ಅಕ್ಷರದಲ್ಲಿ). ಸುಮ್ನೆ ಹೆಸರು ಮಾತ್ರ ಬರೆದು ಬಿಡಬೇಡಿ.

ಇನ್ನೂ ಸರ್ವರ್ ಏರಿಸಿಲ್ಲ ಅಂದರೆ ನಿಮಗೆ ಸುಲಭದ ದಾರಿ ಇದೆ. ಸರ್ವರ್, ಲೈಬ್ರರಿ ಎರಡನ್ನೂ 7.17ಕ್ಕೆ ತನ್ನಿ. ಎಲಾಸ್ಟಿಕ್ ಕ್ಲೈಂಟ್ ಎಪಿಐವರ್ಷನಿಂಗ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 1 ಕೊಡಿ. ಎಲ್ಲವೂ ಇಂಗ್ಲಿಷ್ ದೊಡ್ಡ ಅಕ್ಷರ, ಪದಗಳ ನಡುವೆ ಅಂಡರ್‌ಸ್ಕೋರ್. ಆಮೇಲೆ ಸರ್ವರ್ 8ಕ್ಕೆ ಹೋಗಲಿ, ಹಳೆಯ ಲೈಬ್ರರಿ ಅದರ ಜೊತೆ ಮಾತಾಡುತ್ತದೆ. ಲೈಬ್ರರಿಯನ್ನು ಕೊನೆಗೆ ಏರಿಸಿ. ಉಲ್ಟಾ ಮಾಡಿದರೆ 7ರ ಸರ್ವರ್ 406 ಎರರ್ ಅಂತ ವಾಪಸ್ ಕಳಿಸುತ್ತದೆ.

ಲೈಬ್ರರಿ 8 ಆದ ಮೇಲೆ ಕೋಡ್‌ನಲ್ಲೂ ಸ್ವಲ್ಪ ಕೆಲಸ ಇರುತ್ತದೆ. ಬರೀ ಹೋಸ್ಟ್ ಹೆಸರು ಕೊಟ್ಟರೆ ಒಪ್ಪುವುದಿಲ್ಲ, ಎಚ್‌ಟಿಟಿಪಿಎಸ್‌ನಿಂದ ಪೋರ್ಟ್‌ವರೆಗೆ ಪೂರ್ತಿ ವಿಳಾಸ ಬೇಕು. ಪಾಸ್‌ವರ್ಡ್ ಈಗ ಬೇಸಿಕ್ ಆತ್ ಅನ್ನುವ ಆರ್ಗ್ಯುಮೆಂಟ್‌ನಲ್ಲಿ ಹೋಗಬೇಕು. ದಾಖಲೆಯ ಬಗೆ ಹೇಳುವ ಡಾಕ್ ಟೈಪ್ ಎಲ್ಲಿದ್ದರೂ ತೆಗೆಯಿರಿ, 8ರಲ್ಲಿ ಟೈಪ್‌ಗಳೇ ಇಲ್ಲ. ಆರ್ಗ್ಯುಮೆಂಟ್‌ಗಳನ್ನು ಹೆಸರು ಹೇಳಿಯೇ ಕೊಡಿ. ಸರ್ಟಿಫಿಕೇಟ್ ಎರರ್ ಬಂದರೆ ಪರೀಕ್ಷೆಯನ್ನೇ ಆಫ್ ಮಾಡುವ ಆಸೆ ಬರುತ್ತದೆ, ಅಲ್ವಾ? ಬೇಡ. ಸರ್ವರ್‌ನ ಸಿಎ ಫೈಲ್ (ಅದರ ಸರ್ಟಿಫಿಕೇಟಿಗೆ ಸಹಿ ಹಾಕಿದವರ ಸರ್ಟಿಫಿಕೇಟ್) ಎಲ್ಲಿದೆ ಅನ್ನುವ ದಾರಿ ಕೊಡಿ.

"ಅನ್‌ಸಪೋರ್ಟೆಡ್ ಪ್ರಾಡಕ್ಟ್" ಅಂತ ಬಂದರೆ ಕಥೆ ಬೇರೆ. ನಿಮ್ಮ ಸರ್ವರ್ ಬಹುಶಃ 2021ರಲ್ಲಿ ಎಲಾಸ್ಟಿಕ್‌ಸರ್ಚ್‌ನಿಂದ ಕವಲೊಡೆದ ಓಪನ್‌ಸರ್ಚ್. 7.14ರಿಂದ ಎಲಾಸ್ಟಿಕ್ ಲೈಬ್ರರಿ ಅದನ್ನು ಒಪ್ಪುವುದಿಲ್ಲ. ಓಪನ್‌ಸರ್ಚ್‌ನದೇ ಲೈಬ್ರರಿ ಹಾಕಿ.

ಕೊನೆಗೆ ವರ್ಕರ್ (ನಿಮ್ಮ ಪೈಥಾನ್ ಕೋಡ್ ಓಡಿಸುವ ಪ್ರೋಗ್ರಾಂ) ರೀಸ್ಟಾರ್ಟ್ ಮಾಡಿ. ಇಲ್ಲದಿದ್ದರೆ ಹಳೆಯ ಲೈಬ್ರರಿಯೇ ಮೆಮೊರಿಯಲ್ಲಿ ಓಡುತ್ತಿರುತ್ತದೆ. ನಾನು ರೀಸ್ಟಾರ್ಟ್ ಮಾಡಿ, 34 ಸೈಜಿನ ಕಪ್ಪು ಲಾಟ್ ಹುಡುಕಿದೆ. ಬಂತು. ಆಮೇಲೆ ಗೋದಾಮಿಗೆ ಫೋನ್ ಮಾಡಿದೆ.